ಹಳ್ಳದ ಕಾಡಿನ ನೀಲಿ ಹಕ್ಕಿ ಯಾವ ಕುಲದ್ದು?

ನನ್ನ ಹಕ್ಕಿ ಲೆಕ್ಕ ಇರುವುದು ಹಳೆಯ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕಗಳ ಹಿಂಬದಿಯ ಖಾಲಿ ಪುಟಗಳಲ್ಲಿ. ಬಾಬಾಬುಡನ್‌ಗಿರಿ ಸಾಲಿನ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಗೊಬ್ಬರ, ಡೀಸೆಲ್ ಲೆಕ್ಕ, ಶನಿವಾರ ಬಟವಾಡೆ. ನಡುವೆ ಬಿಡುವು ಸಿಕ್ಕಾಗ ಹಕ್ಕಿ. ಆ ಪುಟಗಳಲ್ಲಿ ಒಂದು ಹಕ್ಕಿ ಮೂರು ಹೆಸರಲ್ಲಿ ಬರುತ್ತದೆ. ಹಳೆಯ ಪುಸ್ತಕದಲ್ಲಿ ಶಾರ್ಟ್‌ವಿಂಗ್. ಅದರ ನಂತರದ್ದರಲ್ಲಿ ಬ್ಲೂ ರಾಬಿನ್. 2017ರಿಂದ ಈಚೆಗೆ ಶೋಲಾಕಿಳಿ. ನೋಡಿದ ಜಾಗ ಮಾತ್ರ ಮೂರಕ್ಕೂ ಒಂದೇ: ಮೇಲಿನ ಹಳ್ಳ.

ಮೊನ್ನೆ ವಾಟ್ಸಾಪಿನಲ್ಲಿ ‘ಪಶ್ಚಿಮ ಘಟ್ಟದಲ್ಲಿ ಹೊಸ ಹಕ್ಕಿ ಪತ್ತೆ’ ಅಂತ ಒಂದು ಹಳೇ ಸುದ್ದಿ ಮತ್ತೆ ಬಂತು. ಫೋಟೋ ನೋಡಿದರೆ ನಮ್ಮದೇ ಹಕ್ಕಿ. ಇಂಥ ತಲೆಬರಹ ನೋಡಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಈ ಹಕ್ಕಿಯನ್ನು ವಿಜ್ಞಾನದವರು 1840ರ ದಶಕದಲ್ಲೇ ಹೆಸರಿಟ್ಟು ಬರೆದುಕೊಂಡಿದ್ದಾರೆ. 2017ರಲ್ಲಿ ಹೊಸದಾಗಿ ಬಂದದ್ದು ಅದರ ಕುಲ, ಅಂದರೆ ಜೀನಸ್, ಹತ್ತಿರದ ಸಂಬಂಧದ ಪ್ರಭೇದಗಳ ಗುಂಪು. ಹಕ್ಕಿ ಸಿಕ್ಕಿದ್ದು ಸುದ್ದಿಯಲ್ಲ. ಸಿಕ್ಕಿ ನೂರೈವತ್ತು ವರ್ಷ ಆದಮೇಲೂ ಅದು ಯಾರ ಪೈಕಿ ಅನ್ನುವುದು ಗೊತ್ತಾಗದೇ ಇದ್ದದ್ದು ನಿಜವಾದ ಸುದ್ದಿ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ನಮ್ಮ ಮೇಸ್ತ್ರಿಗೆ ಈ ಕತೆ ಹೇಳಿದ್ದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿದರು: ‘ಎಂತ ರೈಟ್ರೇ, ಇದರ ಹೆಸರು ರೇಷನ್ ಕಾರ್ಡಿನ ಹಂಗೆ ವರ್ಷಾ ತಿದ್ದುಪಡಿ ಆಗ್ತದಲ್ಲ? ಹಕ್ಕಿ ಬದಲಾಯ್ತೋ, ಬರಿಯೋರು ಬದಲಾದ್ರೋ?’

ಬಹಳ ಸರಿಯಾದ ಪ್ರಶ್ನೆ. ಇಲ್ಲಿ ಬರೆಯುತ್ತಿರುವುದು ಅದಕ್ಕೇ ಉತ್ತರ.

ಮೊದಲು ಹಕ್ಕಿ ಹೇಗಿದೆ ಅಂತ ಹೇಳಿಬಿಡುತ್ತೇನೆ. ತೋಟದ ಮೇಲ್ಗಡೆ ಸಿಲ್ವರ್ ಓಕ್ ಸಾಲು ಮುಗಿದು ಹುಲ್ಲಿನ ಗುಡ್ಡ ಶುರುವಾಗುತ್ತದೆ. ಅಲ್ಲಿ ಎರಡು ಗುಡ್ಡ ಕೂಡುವ ಕಡೆ ಒಂದು ಕಾಡಿನ ಪಟ್ಟಿ ಇದೆ. ಪುಸ್ತಕದವರು ಇದನ್ನು ಶೋಲಾ ಅನ್ನುತ್ತಾರೆ. ನಮ್ಮ ಲೈನ್ ಮನೆಯವರಿಗೆ ಅದು ಬರೀ ಹಳ್ಳದ ಕಾಡು. ಗಿಡ್ಡ ಮರಗಳು, ಕಾಂಡದ ತುಂಬಾ ಪಾಚಿ, ಕೆಳಗೆ ಕೊಳೆತ ಎಲೆ, ಯಾವಾಗಲೂ ತೇವ. ಕುಡಿಯುವ ನೀರಿನ ಪೈಪು ಅಲ್ಲಿಂದಲೇ ಬರುವುದರಿಂದ ನನಗೆ ಅಲ್ಲಿಗೆ ಹೋಗಲು ಒಂದು ನೆಪ ಯಾವಾಗಲೂ ಇರುತ್ತದೆ.

ಬೆಳಕು ಹರಿಯುವ ಹೊತ್ತಿಗೆ ಹೋಗಿ ಪೈಪಿನ ಪಕ್ಕ ಸುಮ್ನೆ ಕೂತರೆ ಸಾಕು. ಮೊದಲು ಒಣ ಎಲೆ ಸರಿದ ಸದ್ದು ಬರುತ್ತದೆ. ಆಮೇಲೆ ಬಿದ್ದ ಮರದ ಪಕ್ಕದಿಂದ ಅದು ಕುಪ್ಪಳಿಸಿ ಬರುತ್ತದೆ. ಸುಮಾರು 15 ಸೆಂಟಿಮೀಟರ್ ಉದ್ದ. ಕಾಲು ಮಾತ್ರ ಮೈಗಿಂತ ಒಂದು ಸೈಜು ದೊಡ್ಡದು. ಬಾಲ ಗಿಡ್ಡ. ಬೆನ್ನು, ಕತ್ತು, ಎದೆ ಎಲ್ಲ ಸ್ಲೇಟಿನ ನೀಲಿ. ಕಣ್ಣಿಗೂ ಕೊಕ್ಕಿಗೂ ನಡುವೆ ಕಪ್ಪು, ಅದರ ಮೇಲೆ ತೆಳು ಬಿಳಿ ಹುಬ್ಬು. ನೆರಳಲ್ಲಿ ನಿಂತರೆ ಬರೀ ಕಪ್ಪು ಹಕ್ಕಿ ಅನ್ನಿಸುತ್ತದೆ. ಪಕ್ಕಕ್ಕೆ ತಿರುಗಿದಾಗ ಪಕ್ಕೆಯಲ್ಲಿ ಇಟ್ಟಿಗೆ ಕೆಂಪು ಕಾಣುತ್ತದೆ, ಹೊಟ್ಟೆಯ ನಡುವೆ ಬಿಳಿ. ಎರಡು ಹೆಜ್ಜೆ ಕುಪ್ಪಳಿಸಿ ನಿಲ್ಲುತ್ತದೆ. ತಲೆ ಓರೆ ಮಾಡುತ್ತದೆ. ಒಂದು ಎಲೆಯನ್ನು ಕೊಕ್ಕಿನಲ್ಲಿ ಎತ್ತಿ ಪಕ್ಕಕ್ಕೆ ಎಸೆಯುತ್ತದೆ. ಅಡಿಯಲ್ಲಿ ಹುಳ ಇದ್ದರೆ ನುಂಗುತ್ತದೆ, ಇಲ್ಲದಿದ್ದರೆ ಮುಂದಿನ ಎಲೆ. ನಾವು ಕೆಮ್ಮಿದರೆ ಮುಗಿಯಿತು, ಪೊದೆ ಸೇರಿತು.

ಹಾಡು ಮಾತ್ರ ಜೋರು. ಸಣ್ಣ ಸಣ್ಣ ಸಿಳ್ಳೆ, ನಡುವೆ ಕರಕರ ಸದ್ದು, ಮತ್ತೆ ಸಿಳ್ಳೆ, ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ. ಅಷ್ಟು ಗಾತ್ರದ ಮೈಯಿಂದ ಅಷ್ಟು ಸದ್ದು ಬರುತ್ತದೆ ಅಂತ ನಂಬಲು ಹೊಸಬರಿಗೆ ಕಷ್ಟ.

ಈಗ ಇಂಥ ಹಕ್ಕಿಯನ್ನು ಕೈಯಲ್ಲಿ ಕೊಟ್ಟು, ಇದನ್ನು ಯಾವುದರ ಜೊತೆ ಸೇರಿಸುತ್ತೀರಿ ಅಂತ ಕೇಳಿದರೆ ಏನು ಮಾಡುತ್ತೀರಿ? ಮೈ ನೋಡಿ, ಕಾಲು ನೋಡಿ, ಬಣ್ಣ ನೋಡಿ, ಇದರಂತೆಯೇ ಇರುವ ಇನ್ನೊಂದನ್ನು ಹುಡುಕುತ್ತೀರಿ. ಥಾಮಸ್ ಜೆರ್ಡನ್ ಮಾಡಿದ್ದೂ ಅದನ್ನೇ. ಮದ್ರಾಸ್ ಸೈನ್ಯದಲ್ಲಿ ಡಾಕ್ಟರಾಗಿದ್ದ ಮನುಷ್ಯ. ನೀಲಗಿರಿಯ ಹಕ್ಕಿ ನೋಡಿ, ಕೆಂಪು ನೀಲಿ ಬಣ್ಣ ಗಮನಿಸಿ, ರೆಡ್‌ಸ್ಟಾರ್ಟ್ ಅನ್ನುವ ಕೆಂಪು ಬಾಲದ ಸಣ್ಣ ಹಕ್ಕಿಗಳ ಕುಲಕ್ಕೆ ಸೇರಿಸಿದ. ಫೀನಿಕ್ಯೂರ ಮೇಜರ್ ಅಂತ ಹೆಸರಿಟ್ಟ. ಮೇಜರ್ ಅಂದರೆ ದೊಡ್ಡದು. ರೆಡ್‌ಸ್ಟಾರ್ಟ್‌ಗಳ ಪೈಕಿ ನಿಲ್ಲಿಸಿ ನೋಡಿದರೆ ದೊಡ್ಡದೇ. ಈಗ ಅದು ರೆಡ್‌ಸ್ಟಾರ್ಟ್ ಅಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಪ್ರಭೇದದ ಹೆಸರು, ಅಂದರೆ ಜೋಡಿ ಹೆಸರಿನ ಎರಡನೆಯ ಪದ, ಮೊದಲು ಇಟ್ಟವನದ್ದೇ ಉಳಿಯಬೇಕು ಅನ್ನುವುದು ನಿಯಮ. ಹೀಗಾಗಿ ಸುತ್ತಮುತ್ತ ಹೋಲಿಸಲು ಯಾರೂ ಇಲ್ಲದಿದ್ದರೂ ನಮ್ಮ ಹಕ್ಕಿ ಇವತ್ತಿಗೂ ‘ದೊಡ್ಡದು’.

1860ರ ದಶಕದಲ್ಲಿ ಅಮೆರಿಕದ ಪಾದ್ರಿ ಸ್ಯಾಮ್ಯುಯಲ್ ಫೇರ್‌ಬ್ಯಾಂಕ್ ಪಳನಿ ಬೆಟ್ಟದಿಂದ ಅದೇ ತರಹದ ಇನ್ನೊಂದು ಹಕ್ಕಿ ಸಂಗ್ರಹಿಸಿದರು. ಅದರಲ್ಲಿ ಇಟ್ಟಿಗೆ ಕೆಂಪು ಇಲ್ಲ. ಪಕ್ಕೆಯೂ ನೀಲಿ ಬೂದು, ಹೊಟ್ಟೆ ಬಿಳಿ. ನಿಸರ್ಗ ವಿಜ್ಞಾನಿ ವಿಲಿಯಂ ಬ್ಲಾನ್‌ಫರ್ಡ್ ಅದಕ್ಕೆ ಕ್ಯಾಲೀನ್ ಆಲ್ಬಿವೆಂಟ್ರಿಸ್ ಅಂತ ಹೆಸರಿಟ್ಟರು. ನೀಲಗಿರಿಯದೂ ಆ ಹೊತ್ತಿಗೆ ಕ್ಯಾಲೀನ್ ಕುಲಕ್ಕೆ ಸೇರಿತ್ತು. ಆಮೇಲೆ ಎರಡನ್ನೂ ಹಿಮಾಲಯ ಮತ್ತು ಆಗ್ನೇಯ ಏಷ್ಯಾದ ಬ್ರಾಕಿಟೆರಿಕ್ಸ್ ಕುಲಕ್ಕೆ, ಅಂದರೆ ಶಾರ್ಟ್‌ವಿಂಗ್‌ಗಳ ಗುಂಪಿಗೆ ಹಾಕಿದರು. ಹಾಕಿದ್ದಷ್ಟೇ ಅಲ್ಲ, ಎರಡೂ ಒಂದೇ ಪ್ರಭೇದ, ಬಣ್ಣದಲ್ಲಿ ಮಾತ್ರ ವ್ಯತ್ಯಾಸ ಅಂತ ಉಪಪ್ರಭೇದ ಮಾಡಿ ಮುಗಿಸಿದರು. ಪಕ್ಷಿತಜ್ಞರಾದ ಸಲೀಂ ಅಲಿ ಮತ್ತು ರಿಪ್ಲಿ ಅವರ ದೊಡ್ಡ ಸಂಪುಟಗಳಲ್ಲಿ ಅದೇ ಇದೆ. ನನ್ನ ಹಳೆಯ ಪುಟಗಳಲ್ಲಿ ಶಾರ್ಟ್‌ವಿಂಗ್ ಅಂತ ಇರುವುದು ಅದಕ್ಕೇ.

ನೋಡಲು ಅದು ಶಾರ್ಟ್‌ವಿಂಗ್ ಹಾಗೇ ಇದೆ, ಅದರಲ್ಲಿ ಅನುಮಾನ ಇಲ್ಲ. ಹಿಮಾಲಯದ ಶಾರ್ಟ್‌ವಿಂಗ್‌ಗಳೂ ಪೊದೆಯಡಿಯಲ್ಲೇ ಓಡಾಡುತ್ತವೆ. ಅವಕ್ಕೂ ಗಿಡ್ಡ ರೆಕ್ಕೆ, ಉದ್ದ ಕಾಲು, ಗಿಡ್ಡ ಬಾಲ. ಆದರೆ ಇದೆಲ್ಲ ಸಂಬಂಧದಿಂದ ಬಂದದ್ದಾ, ಕೆಲಸದಿಂದ ಬಂದದ್ದಾ? ನೆಲದಲ್ಲಿ ಕುಪ್ಪಳಿಸಿ ತಿನ್ನುವ ಹಕ್ಕಿಗೆ ಕಾಲು ಉದ್ದ ಬೇಕು. ದಟ್ಟ ಪೊದೆಯಲ್ಲಿ ನುಗ್ಗುವುದಕ್ಕೆ ಗಿಡ್ಡ, ದುಂಡು ರೆಕ್ಕೆ ಬೇಕು. ವಲಸೆ ಹೋಗುವ ಹಕ್ಕಿಗೆ ಉದ್ದ, ಚೂಪು ರೆಕ್ಕೆ ಬೇಕು. ಇದು ಎಲ್ಲಿಗೂ ಹೋಗುವುದಿಲ್ಲ, ಹುಟ್ಟಿದ ಹಳ್ಳದಲ್ಲೇ ಸಾಯುತ್ತದೆ. ಹಾಗಾಗಿ ಬೇರೆ ಬೇರೆ ಮೂಲದ ಹಕ್ಕಿಗಳು ಒಂದೇ ತರಹದ ಜಾಗದಲ್ಲಿ ಒಂದೇ ತರಹದ ಬಾಳು ಬಾಳಿದರೆ ಕೊನೆಗೆ ಒಂದೇ ತರಹ ಕಾಣುತ್ತವೆ. ಮ್ಯೂಸಿಯಮ್ಮಿನ ಡ್ರಾಯರಿನಲ್ಲಿ ಹತ್ತಿ ತುಂಬಿ ಮಲಗಿಸಿದ ಹಕ್ಕಿ ನೋಡಿದರೆ ಇದು ಹೊಳೆಯುವುದು ಕಷ್ಟ. ಅಲ್ಲಿ ಇರುವುದು ಕಾಲು, ರೆಕ್ಕೆ, ಬಣ್ಣ ಅಷ್ಟೇ.

ಜೊತೆಗೆ ಇನ್ನೊಂದು ಯೋಚನೆಯೂ ಕೆಲಸ ಮಾಡಿರಬೇಕು ಅನ್ನಿಸುತ್ತದೆ. ಪಶ್ಚಿಮ ಘಟ್ಟದ ಎತ್ತರದ ಜೀವಿಗಳೆಲ್ಲ ಹಿಮಾಲಯದಿಂದ ಬಂದ ನೆಂಟರು ಅನ್ನುವ ಯೋಚನೆ. ಮೀನಿನ ವಿಜ್ಞಾನಿ ಸುಂದರ್ ಲಾಲ್ ಹೋರಾ 1940ರ ದಶಕದಲ್ಲಿ ಇದಕ್ಕೆ ಒಂದು ದಾರಿಯನ್ನೂ ತೋರಿಸಿದರು. ಪೂರ್ವ ಹಿಮಾಲಯದಿಂದ ಸಾತ್ಪುರ ಬೆಟ್ಟಗಳ ಮೇಲೆ ಹಾದು ಪಶ್ಚಿಮ ಘಟ್ಟಕ್ಕೆ ಬಂದವು ಅಂತ. ಕೆಲವು ಜೀವಿಗಳ ವಿಷಯದಲ್ಲಿ ಇರಬಹುದು. ಆದರೆ ಒಮ್ಮೆ ಆ ಯೋಚನೆ ತಲೆಯಲ್ಲಿ ಕೂತರೆ, ಇಲ್ಲಿ ಕಂಡ ಪ್ರತಿ ಹಕ್ಕಿಗೂ ಅಲ್ಲೇ ಒಂದು ಕುಲ ಹುಡುಕುವ ಅಭ್ಯಾಸ ಆಗಿಬಿಡುತ್ತದೆ. ನಮ್ಮ ಹಕ್ಕಿಗೆ ಆಗಿದ್ದು ಅದೇ ಅಂತ ನನ್ನ ಲೆಕ್ಕ.

ಮೊದಲ ತಿದ್ದುಪಡಿ 2005ರಲ್ಲಿ ಬಂತು. ಪಮೇಲಾ ರಾಸ್ಮುಸೆನ್ ಮತ್ತು ಜಾನ್ ಆಂಡರ್ಟನ್ ದಕ್ಷಿಣ ಏಷ್ಯಾದ ಹಕ್ಕಿಗಳ ಬಗ್ಗೆ ಎರಡು ಸಂಪುಟ ಬರೆದರು. ಮ್ಯೂಸಿಯಂ ಮಾದರಿಗಳ ಜೊತೆಗೆ ಧ್ವನಿಯನ್ನೂ ಗಂಭೀರವಾಗಿ ತೆಗೆದುಕೊಂಡ ಪುಸ್ತಕ ಅದು. ಅವರು ನೀಲಗಿರಿಯ ಹಕ್ಕಿ ಬೇರೆ, ಪಳನಿಯ ಹಕ್ಕಿ ಬೇರೆ ಅಂತ ಎರಡು ಪ್ರಭೇದ ಮಾಡಿದರು. ಇವು ಶಾರ್ಟ್‌ವಿಂಗ್ ಅಲ್ಲ ಅಂತಲೂ ಹೇಳಿದರು. ಸದ್ಯಕ್ಕೆ ಇರಲಿ ಅಂತ ಮೈಯೊಮೇಲಾ ಕುಲಕ್ಕೆ ಸೇರಿಸಿದರು. ಅದು ಹಿಮಾಲಯದ ಬಿಳಿಬಾಲದ ರಾಬಿನ್‌ನ ಕುಲ. ನನ್ನ ಪುಸ್ತಕದ ಎರಡನೆಯ ಹೆಸರು ಬ್ಲೂ ರಾಬಿನ್ ಬಂದದ್ದು ಹೀಗೆ. ಶಾರ್ಟ್‌ವಿಂಗ್ ಅಲ್ಲ ಅನ್ನುವುದು ಸರಿ ಇತ್ತು. ರಾಬಿನ್ ಅನ್ನುವುದೂ ನಿಲ್ಲಲಿಲ್ಲ. ಆದರೂ ಈ ಹೆಜ್ಜೆ ದೊಡ್ಡದು. ಇದು ಬಹಳ ವರ್ಷದಿಂದ ಮುಚ್ಚಿಟ್ಟಿದ್ದ ಪ್ರಶ್ನೆಯನ್ನು ಮತ್ತೆ ತೆರೆಯಿತು.

ಉತ್ತರ ಸಿಕ್ಕಿದ್ದು ರಕ್ತದಲ್ಲಿ. ವಿ.ವಿ. ರಾಬಿನ್ ಎಂಬ ಸಂಶೋಧಕರು ಈ ಹಕ್ಕಿಯ ಹಿಂದೆ ಬಹಳ ವರ್ಷ ಓಡಾಡಿದವರು. ರಾಬಿನ್ ಅಲ್ಲ ಅಂತ ತೋರಿಸಿಕೊಟ್ಟವರ ಹೆಸರೇ ರಾಬಿನ್, ತಮಾಷೆ ಅಲ್ವಾ? ಕೆಲಸದ ವಿಧಾನ ಕೇಳಲು ಸರಳ. ಕಾಡಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆ ಕಟ್ಟುತ್ತಾರೆ. ಸಿಕ್ಕ ಹಕ್ಕಿಯ ರೆಕ್ಕೆಯ ಅಡಿಯ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆಯುತ್ತಾರೆ. ಅಳತೆ ತೆಗೆದು, ಕಾಲಿಗೆ ಉಂಗುರ ಹಾಕಿ ಬಿಡುತ್ತಾರೆ. ಆ ರಕ್ತದ ಡಿಎನ್‌ಎಯನ್ನು ಬೇರೆ ಹಕ್ಕಿಗಳ ಡಿಎನ್‌ಎ ಜೊತೆ ಹೋಲಿಸುತ್ತಾರೆ. ಕೇಳಲು ಮಾತ್ರ ಸರಳ. ಮಳೆ, ಜಿಗಣೆ, ಅರಣ್ಯ ಇಲಾಖೆಯ ಅನುಮತಿ ಪತ್ರ ಇವೆಲ್ಲ ಸೇರಿದರೆ ಒಂದೊಂದು ಬೆಟ್ಟಕ್ಕೂ ಎಷ್ಟು ಸಮಯ ಬೇಕು ಅಂತ ಊಹಿಸಿಕೊಳ್ಳಿ.

2010ರಲ್ಲಿ ರಾಬಿನ್, ಅನಿಂದ್ಯ ಸಿನ್ಹಾ ಮತ್ತು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಬೇರೆ ಬೇರೆ ಬೆಟ್ಟದ ಹಕ್ಕಿಗಳ ನಡುವೆ ವ್ಯತ್ಯಾಸ ಎಲ್ಲಿ ಬೀಳುತ್ತದೆ ಅಂತ ನೋಡಿದರು. ಗೆರೆ ಬಿದ್ದದ್ದು ಬಣ್ಣದ ಮೇಲಷ್ಟೇ ಅಲ್ಲ, ನಕ್ಷೆಯ ಮೇಲೂ. ಪಾಲಕ್ಕಾಡ್ ಕಣಿವೆಯ ಉತ್ತರದ್ದೆಲ್ಲ ಒಂದು ಕಡೆ, ದಕ್ಷಿಣದ್ದೆಲ್ಲ ಒಂದು ಕಡೆ.

ಕೊಯಮತ್ತೂರಿನಿಂದ ಪಾಲಕ್ಕಾಡಿಗೆ ರೈಲಿನಲ್ಲಿ ಹೋದವರಿಗೆ ಈ ಕಣಿವೆ ಗೊತ್ತಿರುತ್ತದೆ. ಪಶ್ಚಿಮ ಘಟ್ಟ ದಾಟುತ್ತಿದ್ದೇವೆ ಅಂತ ಅನ್ನಿಸುವುದೇ ಇಲ್ಲ. ಘಟ್ಟವೇ ಅಲ್ಲಿ ಕಡಿದುಹೋಗಿದೆ. ಸುಮಾರು 30-40 ಕಿಲೋಮೀಟರ್ ಅಗಲದ ಬಾಗಿಲು. ಉತ್ತರಕ್ಕೆ ನೀಲಗಿರಿ, ದಕ್ಷಿಣಕ್ಕೆ ಆನೆಮಲೆ, ನಡುವೆ ಬಿಸಿ ಬಯಲು, ಗದ್ದೆ, ತಾಳೆ ಮರ. ಮನುಷ್ಯರಿಗೆ ಅದು ಸಲೀಸಾದ ದಾರಿ. ತಂಪು ಕಾಡಿನ ನೆಲಬಿಟ್ಟು ಏಳದ ಹಕ್ಕಿಗೆ ಅದು ಸಮುದ್ರ. ಅದಕ್ಕೇ ಈ ಎತ್ತರದ ಕಾಡುಗಳನ್ನು ಸ್ಕೈ ಐಲ್ಯಾಂಡ್, ಆಕಾಶದ ದ್ವೀಪಗಳು ಅನ್ನುತ್ತಾರೆ. ಇನ್ನೂ ದಕ್ಷಿಣಕ್ಕೆ ಹೋದರೆ ಶೆಂಕೋಟೈ ಕಣಿವೆ. ಇದು ಬಹಳ ಕಿರಿದು. ಆದರೂ ಅದರ ಆಚೆ ಅಗಸ್ತ್ಯಮಲೆ, ಆಶಾಂಬು ಬೆಟ್ಟದ ಹಕ್ಕಿಗಳು ಈಚಿನವಕ್ಕಿಂತ ಬೇರೆಯಾಗಿಯೇ ಕಂಡವು.

ಎರಡು ಪ್ರಭೇದ ಅನ್ನುವುದು ಹೀಗೆ ಗಟ್ಟಿಯಾಯಿತು. ಕುಲದ ಪ್ರಶ್ನೆ ಇನ್ನೂ ಬಾಕಿ ಇತ್ತು. 2017ರಲ್ಲಿ ರಾಬಿನ್, ಸಿ.ಕೆ. ವಿಷ್ಣುದಾಸ್, ಉಮಾ ರಾಮಕೃಷ್ಣನ್, ಸುಷ್ಮಾ ರೆಡ್ಡಿ ಮತ್ತು ಜೊತೆಗಾರರು ಅದನ್ನು ಕೈಗೆತ್ತಿಕೊಂಡರು. ಈ ಸಲ ಈ ಹಕ್ಕಿಗಳನ್ನು ಅವುಗಳೊಳಗೇ ಹೋಲಿಸಲಿಲ್ಲ. ಶಾರ್ಟ್‌ವಿಂಗ್, ರಾಬಿನ್, ನೊಣಹಿಡುಕ ಎಲ್ಲದರ ಜೊತೆ ಒಂದೇ ವಂಶವೃಕ್ಷದಲ್ಲಿ ಇಟ್ಟು ನೋಡಿದರು. ಬ್ರಾಕಿಟೆರಿಕ್ಸ್ ಹತ್ತಿರವೂ ಬರಲಿಲ್ಲ. ಮೈಯೊಮೇಲಾ ಹತ್ತಿರವೂ ಬರಲಿಲ್ಲ. ಹೋಗಿ ಕೂತದ್ದು ನೀಲಿ ನೊಣಹಿಡುಕಗಳ ಪಕ್ಕದಲ್ಲಿ. ನಿಲ್ಟಾವಾ, ಸಯೋರ್ನಿಸ್, ಯೂಮಿಯಾಸ್ ಈ ಕುಲಗಳೆಲ್ಲ ಇರುವ ಗುಂಪು ಅದು.

ಇದನ್ನು ಓದಿದ ಮೇಲೆ ನನಗೆ ತೋಟದಲ್ಲಿ ಓಡಾಡುವ ರೀತಿಯೇ ಬೇರೆ ಆಯಿತು. ಯಾಕೆಂದರೆ ಆ ಗುಂಪಿನವು ನಮ್ಮಲ್ಲೇ ಇವೆ. ಬಿಳಿ ಹೊಟ್ಟೆಯ ನೀಲಿ ನೊಣಹಿಡುಕ ಕಾಫಿ ಗಿಡಗಳ ನಡುವೆ ತಗ್ಗಿನ ಕೊಂಬೆಯಲ್ಲಿ ನೆಟ್ಟಗೆ ಕೂತಿರುತ್ತದೆ. ಕಾಲು ಕಂಡೂ ಕಾಣದಷ್ಟು ಗಿಡ್ಡ. ಕೂತಲ್ಲಿಂದಲೇ ಹಾರಿ ಹುಳ ಹಿಡಿದು ಮತ್ತೆ ಬಂದು ಕೂರುತ್ತದೆ. ಅದಕ್ಕೆ ಕಾಲಿನ ಕೆಲಸ ಕಡಿಮೆ. ನೆಲದಲ್ಲಿ ಎಲೆ ಮಗುಚುವ ಶೋಲಾಕಿಳಿ ಮತ್ತು ಇದು ದಾಯಾದಿಗಳು ಅಂತ ಯಾರಾದರೂ ಹತ್ತು ವರ್ಷದ ಹಿಂದೆ ಹೇಳಿದ್ದರೆ ನಾನು ನಗುತ್ತಿದ್ದೆ. ಈಗ ಎರಡನ್ನೂ ಒಂದೇ ಬೆಳಿಗ್ಗೆ ನೋಡಿದಾಗ ಬೆನ್ನಿನ ನೀಲಿ, ಕಣ್ಣಿನ ಮುಂದಿನ ಕಪ್ಪು ಬೇರೆ ತರಹವೇ ಕಾಣುತ್ತದೆ. ಅದು ಸಾಕ್ಷಿ ಅಲ್ಲ, ಗೊತ್ತಾದ ಮೇಲೆ ಕಣ್ಣು ಮಾಡುವ ಆಟ. ಆದರೂ ಖುಷಿ ಕೊಡುತ್ತದೆ.

ಸರಿ, ನೊಣಹಿಡುಕಗಳ ಪಕ್ಕ ಬಂತು. ಹಾಗಾದರೆ ಅವುಗಳ ಕುಲಕ್ಕೇ ಸೇರಿಸಬಹುದಿತ್ತಲ್ಲ, ಹೊಸ ಕುಲ ಯಾಕೆ? ಇಲ್ಲಿ ವರ್ಗೀಕರಣದ ಒಂದು ನಿಯಮ ಬರುತ್ತದೆ. ಒಂದು ಕುಲ ಅಂದರೆ ಒಬ್ಬ ಪೂರ್ವಜ ಮತ್ತು ಅವನ ಸಂತಾನ ಪೂರ್ತಿ. ಅರ್ಧ ಒಳಗೆ, ಅರ್ಧ ಹೊರಗೆ ಇಡುವ ಹಾಗಿಲ್ಲ. ನಮ್ಮ ಹಕ್ಕಿ ನಿಲ್ಟಾವಾ ಒಳಗೂ ಬೀಳಲಿಲ್ಲ, ಸಯೋರ್ನಿಸ್ ಒಳಗೂ ಬೀಳಲಿಲ್ಲ. ತನ್ನದೇ ಕೊಂಬೆಯಲ್ಲಿ ನಿಂತಿತು. ಅದನ್ನು ಒಳಗೆ ತರಬೇಕಾದರೆ ಇಷ್ಟು ದಿನ ಬೇರೆ ಬೇರೆ ಕುಲದಲ್ಲಿದ್ದ ನೊಣಹಿಡುಕಗಳನ್ನೆಲ್ಲ ಒಟ್ಟಿಗೆ ಸುರಿಯಬೇಕಾಗುತ್ತಿತ್ತು. ಅದಕ್ಕಿಂತ ಇದಕ್ಕೇ ಒಂದು ಕುಲ ಮಾಡುವುದು ವಾಸಿ.

ಬ್ಲಾನ್‌ಫರ್ಡ್ ಬಳಸಿದ್ದ ಕ್ಯಾಲೀನ್ ಇತ್ತಲ್ಲ, ಅದನ್ನೇ ಮತ್ತೆ ತರಬಾರದಿತ್ತಾ? ಆಗುವುದಿಲ್ಲ. ಪ್ರತಿ ಕುಲದ ಹೆಸರೂ ಒಂದು ನಿರ್ದಿಷ್ಟ ಪ್ರಭೇದಕ್ಕೆ ಕಟ್ಟಿಹಾಕಿದ್ದು. ಕ್ಯಾಲೀನ್ ಕಟ್ಟಿದ್ದು ಹಿಮಾಲಯದ ನೀಲಿ ಹಣೆಯ ರಾಬಿನ್‌ಗೆ. ಆ ಹಕ್ಕಿ ಎಲ್ಲಿಗೆ ಹೋಗುತ್ತದೋ ಹೆಸರೂ ಅಲ್ಲಿಗೇ ಹೋಗಬೇಕು. ಹೀಗಾಗಿ ಹೊಸ ಹೆಸರು ಬೇಕೇ ಬೇಕಾಯಿತು. ಷೋಲಿಕೋಲ, ಅಂದರೆ ಶೋಲಾದಲ್ಲಿ ವಾಸಿಸುವುದು. ನನ್ನ ಪುಸ್ತಕದ ಮೂರನೆಯ ಹೆಸರು ಶೋಲಾಕಿಳಿ ಈ ಕುಲದ ಹಕ್ಕಿಗಳದ್ದೇ. ಹಿಮಾಲಯದ ಹೆಸರನ್ನು ಹೊತ್ತು ತಿರುಗಿದ ಹಕ್ಕಿಗೆ ಕೊನೆಗೂ ಸ್ವಂತ ವಿಳಾಸದ ಹೆಸರು ಸಿಕ್ಕಿತು. ನನ್ನ ಮಟ್ಟಿಗೆ ಮೂರು ಹೆಸರಲ್ಲಿ ಇದೇ ಒಳ್ಳೆಯದು.

ಅದೇ ಪ್ರಬಂಧದಲ್ಲಿ ಇನ್ನೊಂದು ಹೊಸ ಕುಲವೂ ಇದೆ, ಮಾಂಟೆಸಿಂಕ್ಲ. ಇವು ಇದೇ ಎತ್ತರದ ಲಾಫಿಂಗ್ ಥ್ರಷ್‌ಗಳು, ನಕ್ಕ ಹಾಗೆ ಕೂಗುವ ಹಕ್ಕಿಗಳು. ಈಗ ಮಲಯಾಳದ ಹೆಸರಲ್ಲಿ ಚಿಲಪ್ಪನ್ ಅನ್ನುತ್ತಾರೆ. ಇವನ್ನೂ ಹಿಮಾಲಯದ ಲಾಫಿಂಗ್ ಥ್ರಷ್‌ಗಳ ಕುಲಗಳಲ್ಲಿ ಇಟ್ಟಿದ್ದರು. ಇವೂ ಅಲ್ಲಿಯವಲ್ಲ ಅಂತಾಯಿತು. ನಾಲ್ಕು ಪ್ರಭೇದ: ಬಾಣಾಸುರ, ನೀಲಗಿರಿ, ಪಳನಿ, ಆಶಾಂಬು. ಇಲ್ಲಿ ಒಂದು ಚಂದದ ವಿಷಯ ಇದೆ. ಚಿಲಪ್ಪನ್‌ಗಳಲ್ಲಿ ನೀಲಗಿರಿಯದು ಬೇರೆ, ವಯನಾಡಿನ ಬಾಣಾಸುರ ಬೆಟ್ಟ, ಕೊಡಗಿನ ಬ್ರಹ್ಮಗಿರಿ ಕಡೆಯದು ಬೇರೆ. ನಡುವೆ ಇರುವುದು ಚಾಲಿಯಾರ್ ನದಿಯ ಕಣಿವೆ ಅಷ್ಟೇ. ಶೋಲಾಕಿಳಿ ಮಾತ್ರ ನೀಲಗಿರಿಯಿಂದ ಬ್ರಹ್ಮಗಿರಿ ದಾಟಿ ನಮ್ಮ ಬಾಬಾಬುಡನ್‌ಗಿರಿಯವರೆಗೂ ಒಂದೇ ಪ್ರಭೇದ. ಒಂದೇ ಕಣಿವೆ ಒಂದು ಹಕ್ಕಿಯನ್ನು ಎರಡು ಮಾಡಿತು, ಇನ್ನೊಂದನ್ನು ಬಿಟ್ಟಿತು. ಆದರೆ ಪಾಲಕ್ಕಾಡ್ ಎರಡೂ ಕುಲಗಳನ್ನು ಕತ್ತರಿಸಿದೆ. 2015ರಲ್ಲಿ ಇದೇ ತಂಡದವರು ಇಪ್ಪತ್ತಕ್ಕೂ ಹೆಚ್ಚು ಜಾತಿಯ ಬೆಟ್ಟದ ಹಕ್ಕಿಗಳನ್ನು ಒಟ್ಟಿಗೆ ನೋಡಿ ಹೇಳಿದ್ದೂ ಇದನ್ನೇ. ಕಣಿವೆ ಆಳ, ಅಗಲ ಇದ್ದಷ್ಟೂ ಅದು ಬೇರೆ ಮಾಡುವ ಹಕ್ಕಿಗಳು ಜಾಸ್ತಿ.

ಇಷ್ಟು ಹೇಳಿದ ಮೇಲೆ ಮೇಸ್ತ್ರಿಯವರ ಪ್ರಶ್ನೆಗೆ ಉತ್ತರ ಕೊಡಬಹುದು. ಹಕ್ಕಿ ಬದಲಾಗಲಿಲ್ಲ. ಬರೆಯುವವರು ಕೇಳುವ ಪ್ರಶ್ನೆ ಬದಲಾಯಿತು. ಮೊದಲು ಇದು ಯಾವುದರ ಹಾಗೆ ಕಾಣುತ್ತದೆ ಅಂತ ಕೇಳುತ್ತಿದ್ದರು. ಈಗ ಇದು ಯಾರಿಂದ ಬಂತು ಅಂತ ಕೇಳುತ್ತಾರೆ. ಎರಡು ಪ್ರಶ್ನೆಗೂ ಉತ್ತರ ಒಂದೇ ಆಗಬೇಕು ಅಂತೇನಿಲ್ಲ. ಮೇಸ್ತ್ರಿಗೆ ಹೀಗೆ ಹೇಳಿದಾಗ, ‘ಹಂಗಾರೆ ಇನ್ನು ತಿದ್ದಲ್ಲ ಅನ್ನಿ’ ಅಂದರು. ಅಷ್ಟು ಧೈರ್ಯ ನನಗಿಲ್ಲ.

ಯಾಕೆಂದರೆ ಒಂದು ಜಗಳ ಇನ್ನೂ ಮುಗಿದಿಲ್ಲ. ಶೆಂಕೋಟೈ ಕಣಿವೆಯ ಆಚೆಯ ಹಕ್ಕಿಯನ್ನು 2017ರವರು ಷೋಲಿಕೋಲ ಆಶಾಂಬುಎನ್ಸಿಸ್ ಅಂತ ಮೂರನೆಯ ಪ್ರಭೇದ ಮಾಡಿದರು. ಹೊಸ ಹಕ್ಕಿ ಅಂತ ಏನಾದರೂ ಇದ್ದರೆ ಇದೊಂದೇ. ಇದನ್ನು ಎಲ್ಲರೂ ಒಪ್ಪಿಲ್ಲ. ಪಳನಿಯ ಬಿಳಿ ಹೊಟ್ಟೆಯ ಹಕ್ಕಿಯ ಉಪಪ್ರಭೇದ ಅಷ್ಟೇ ಅನ್ನುವವರೂ ಇದ್ದಾರೆ. ನನಗೆ ಎರಡು ಕಡೆಯವರ ವಾದವೂ ಅರ್ಥವಾಗುತ್ತದೆ. ಡಿಎನ್‌ಎ ವ್ಯತ್ಯಾಸ ಇಷ್ಟಿದ್ದರೆ ಪ್ರಭೇದ ಅನ್ನುವ ಅಳತೆಗೋಲು ಎಲ್ಲೂ ಇಲ್ಲ. ಎರಡೂ ಒಂದೇ ಕಾಡಿನಲ್ಲಿ ಇದ್ದಿದ್ದರೆ ಜೋಡಿ ಆಗುತ್ತವಾ ಇಲ್ಲವಾ ಅಂತ ನೋಡಬಹುದಿತ್ತು. ಕಣಿವೆ ನಡುವೆ ಇರುವಾಗ ಅದನ್ನು ನೋಡುವುದು ಹೇಗೆ? ಒಂದು ಮಾತು ಮಾತ್ರ ನನಗೆ ಸೇರುವುದಿಲ್ಲ. ಬೇರೆ ಪ್ರಭೇದ ಅಂದರೆ ಕಾಡು ಉಳಿಸಲು ಅನುಕೂಲ, ಅದಕ್ಕೇ ಬೇರೆ ಅನ್ನೋಣ ಅಂತ ಕೆಲವರು ಹೇಳುತ್ತಾರೆ. ಕಾಡು ಉಳಿಯಬೇಕು, ನಿಜ. ಅದಕ್ಕಾಗಿ ಲೆಕ್ಕ ತಿದ್ದಬಾರದು. ಇಪ್ಪತ್ತು ವರ್ಷ ಚೆಕ್‌ರೋಲ್ ಬರೆದವನ ಮಾತು ಇದು ಅಂತ ಬೇಕಾದರೆ ತಿಳಿದುಕೊಳ್ಳಿ.

ಹಕ್ಕಿಗಳಿಗೆ ಹೆಸರಿಡುವ ಈ ಲೆಕ್ಕದವರು ಒಂದು ಸಣ್ಣ ಪದ್ಧತಿ ಇಟ್ಟುಕೊಂಡಿದ್ದಾರೆ, ನನಗೆ ಬಹಳ ಇಷ್ಟ. ಹಕ್ಕಿಯ ಹೆಸರಿನ ಮುಂದೆ ಅದನ್ನು ಮೊದಲು ವಿವರಿಸಿದವರ ಹೆಸರು ಬರೆಯುತ್ತಾರೆ. ಆಮೇಲೆ ಯಾರಾದರೂ ಅದರ ಕುಲ ಬದಲಾಯಿಸಿದ್ದರೆ ಆ ಹೆಸರು ಕಂಸದೊಳಗೆ ಹೋಗುತ್ತದೆ. ಷೋಲಿಕೋಲ ಮೇಜರ್ ಮುಂದೆ ಜೆರ್ಡನ್ ಕಂಸದೊಳಗೆ. ಆಲ್ಬಿವೆಂಟ್ರಿಸ್ ಮುಂದೆ ಬ್ಲಾನ್‌ಫರ್ಡ್ ಕಂಸದೊಳಗೆ. ಆಶಾಂಬುಎನ್ಸಿಸ್ ಮುಂದೆ ಮಾತ್ರ ಕಂಸ ಇಲ್ಲ, ಅದು ಹುಟ್ಟಿದ್ದೇ ಈ ಕುಲದಲ್ಲಿ. ಎರಡು ಸಣ್ಣ ಗೆರೆಯಲ್ಲಿ, ಈ ಹಕ್ಕಿ ಮನೆ ಬದಲಾಯಿಸಿದೆ ಅಂತ ಹೇಳಿ ಮುಗಿಸುತ್ತಾರೆ. ಯಾರ ಹೆಸರನ್ನೂ ಹೊಡೆದುಹಾಕುವುದಿಲ್ಲ. ನಾನೂ ಈಗ ಪುಸ್ತಕದಲ್ಲಿ ಹಳೆಯ ಹೆಸರು ಹೊಡೆಯದೆ ಪಕ್ಕದಲ್ಲೇ ಹೊಸದು ಬರೆಯುತ್ತೇನೆ.

ಕೊನೆಗೆ ನಮ್ಮ ಕಡೆ ಹಕ್ಕಿ ನೋಡಲು ಬರುವವರಿಗೆ ಒಂದೆರಡು ಮಾತು. ನೀಲಗಿರಿ ಶೋಲಾಕಿಳಿ ಅಳಿವಿನಂಚಿನ ಪಟ್ಟಿಯಲ್ಲಿದೆ. ಬಾಬಾಬುಡನ್‌ಗಿರಿ ಅದರ ನೆಲೆಯ ಉತ್ತರದ ಅಂಚು. ಇಲ್ಲಿನ ಹಳ್ಳದ ಕಾಡುಗಳು ಬಹಳ ಸಣ್ಣವು, ಕೆಲವನ್ನು ಐದು ನಿಮಿಷದಲ್ಲಿ ಸುತ್ತಿ ಬರಬಹುದು. ಅಂಥ ಕಡೆ ಮೊಬೈಲಿನಲ್ಲಿ ಹಾಡು ಹಾಕಿ ಹಕ್ಕಿ ಕರೆಯಬೇಡಿ. ಬೇರೆ ಗಂಡು ಬಂತು ಅಂತ ಅದು ಹೊಟ್ಟೆಪಾಡು ಬಿಟ್ಟು ಓಡಾಡುತ್ತದೆ, ಅದಕ್ಕೆ ಹೋಗಲು ಬೇರೆ ಕಾಡೂ ಇಲ್ಲ. ಹಾಡು ಹಾಕುವ ಬದಲು ಹಾಡು ತುಂಬಿಕೊಳ್ಳಿ. ಈ ಹಕ್ಕಿಯ ಚಂದದ ಫೋಟೋ ಬೇಕಾದಷ್ಟಿವೆ. ಆದರೆ ಬರೀ ರೂಪ ನೋಡಿ ಕುಲ ಹೇಳಲು ಹೋದವರ ಪಾಡು ಏನಾಯಿತು ಅಂತ ಮೇಲೆ ಓದಿದ್ದೀರಿ. ಹಾಡಿನ ರೆಕಾರ್ಡಿಂಗ್ ಇದ್ದರೆ ಈ ಬೆಟ್ಟದ ಹಾಡನ್ನು ಆ ಬೆಟ್ಟದ ಹಾಡಿನ ಜೊತೆ ಇಟ್ಟು ನೋಡಬಹುದು. ಅದಕ್ಕೆ ದೊಡ್ಡ ಮೈಕ್ ಬೇಕಿಲ್ಲ, ಫೋನ್ ಸಾಕು. ಮಾತಾಡದೆ ಎರಡು ನಿಮಿಷ ಹಿಡಿದುಕೊಳ್ಳಿ. ತಾರೀಕು, ಹೊತ್ತು, ಹಳ್ಳದ ಹೆಸರು, ಎತ್ತರ ಬರೆದು ಹಕ್ಕಿ ದಾಖಲೆ ಇಡುವ ಝೀನೋ ಕ್ಯಾಂಟೋ ಅಥವಾ ಈಬರ್ಡ್ ಜಾಲತಾಣಕ್ಕೆ ಹಾಕಿ. ಮಾರ್ಚಿನಲ್ಲಿ ಕಾಫಿ ಹೂವಿನ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಬಂದರೆ ಒಳ್ಳೆಯದು. ಜಿಗಣೆಗೆ ಸುಣ್ಣ, ಹೊಗೆಸೊಪ್ಪಿನ ಪುಡಿ ತಂದುಕೊಳ್ಳಿ. ಗೇಟಿನಲ್ಲಿ ರೈಟ್ರು ಇದ್ದಾರಾ ಅಂತ ಕೇಳಿ, ಪೈಪಿನ ದಾರಿ ತೋರಿಸುತ್ತೇನೆ.